ಪಕ್ಕದ ಬಾಲ್ಕನಿಯ ಮಾಮಿ

ಮಾಮಿಯ ಎಡಗಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿತ್ತು. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಬಲಗಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿ ರಕ್ತದ ಸ್ಲೈಡು ನೋಡಿದವರು; ನಿವೃತ್ತಿಯಾದ ಮೇಲೂ ಆ ಎಡಗಣ್ಣು ಪೂರ್ತಿ ತೆರೆಯಲು ಒಪ್ಪಲಿಲ್ಲ. ಹೊಸಬರಿಗೆ ಅವರು ಕಣ್ಣು ಹೊಡೆದಂತೆ ಕಾಣುತ್ತಿತ್ತು.

ಮದರಾಸಿನ ಕೀಲ್ಪಾಕಿನಲ್ಲಿ ನಮ್ಮದು ಅಕ್ಕಪಕ್ಕದ ಫ್ಲ್ಯಾಟು. ಎರಡು ಬಾಲ್ಕನಿಗಳ ನಡುವೆ ಒಂದು ಮೊಳ ಜಾಗ, ಎದುರಿಗೆ ಹೊಂಗೆಮರ. ಅವರ ಮನೆಯವರು ಮದರಾಸಿಗೆ ಬಂದು ನಾಲ್ಕು ತಲೆಮಾರಾಗಿತ್ತು. ಅವರ ಕನ್ನಡದಲ್ಲಿ ತಮಿಳು ಸಲೀಸಾಗಿ ಬಂದು ಕೂತಿತ್ತು. ನಾನು ವೈದ್ಯರ ಮಾತಿನ ರೆಕಾರ್ಡಿಂಗು ಕೇಳಿ ಮನೆಯಿಂದಲೇ ಟೈಪ್ ಮಾಡುವವಳು. ಕಿವಿಗೆ ಹೆಡ್‌ಫೋನು, ಕಣ್ಣಿಗೆ ಸ್ಕ್ರೀನು. ಸಂಜೆ ನಾಲ್ಕಕ್ಕೆ ಮಾಮಿ ಕಂಬಿ ತಟ್ಟುತ್ತಿದ್ದರು.

"ಏನ್ ಮಾ, ಇನ್ನೂ ಅದನ್ನೇ ನೋಡ್ತಿದೀಯಾ? ಕೊಂಚ ವೆಳಿಯೆ ಬಾ, ಹೊರಗೆ. ನಾನು ಹತ್ತು ಸ್ಲೈಡ್ ಆದ ಕೂಡ್ಲೆ ಕಿಟಕಿ ಹತ್ರ ಹೋಗಿ ನಿಲ್ತಿದ್ದೆ. ಇಲ್ದಿದ್ರೆ ಹನ್ನೊಂದನೇದು ಕಣ್ಣಿಗೇ ಬೀಳಲ್ಲ."

"ಬಂದೆ ಮಾಮಿ" ಎನ್ನುತ್ತಿದ್ದೆ. ಏಳುತ್ತಿರಲಿಲ್ಲ.

ಬರುಬರುತ್ತಾ ಅವರ ದೃಷ್ಟಿ ಕೆಟ್ಟಿತು. ನೋಡುವುದರ ನಡುಮಧ್ಯೆ ಮಸುಕು, ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಬೆಳಕು. ಕಂಬಿ ತಟ್ಟುವುದನ್ನು ಮಾತ್ರ ಬಿಡಲಿಲ್ಲ. ಒಂದು ಸಂಜೆ, "ಮರದಲ್ಲಿ ಯಾರು ಬಂದಿದಾರೆ, ನೋಡಿ ಹೇಳು ಮಾ" ಎಂದರು. ನಾನು ತಲೆ ಎತ್ತದೆ, "ಯಾರೂ ಇಲ್ಲ ಮಾಮಿ" ಎಂದೆ.

"ಇಲ್ಲವಾ? ಆಗಿಂದ ಟುಕ್ ಟುಕ್ ಅಂತಿದೆಯಲ್ಲ." ಮರದ ಕಡೆ ಕಿವಿಗೊಟ್ಟು, "ಪರ್ವಾಯಿಲ್ಲೆ. ನಿಂಗೂ ಕಣ್ಣು ಸೋತಿರತ್ತೆ" ಎಂದರು.

ಬೈದಿದ್ದರೆ ವಾಸಿಯಿತ್ತು. ಹೆಡ್‌ಫೋನು ತೆಗೆದಿಟ್ಟು ಎದ್ದು ಹೋದೆ. ಒಣಗಿದ ಕೊಂಬೆಯಲ್ಲಿ ಗುಬ್ಬಿಗಿಂತ ತುಸು ದಪ್ಪನೆಯ ಹಸಿರು ಹಕ್ಕಿ ಪೊಟರೆ ಕೊರೆಯುತ್ತಿತ್ತು. ಹಣೆಯ ಮೇಲೆ ಕುಂಕುಮದಂಥ ಕೆಂಪು, ಕುತ್ತಿಗೆ ಹಳದಿ. ಒಂದೊಂದಾಗಿ ಹೇಳಿದೆ.

"ಕಾಲು?"

"ಕಾಲು... ನೋಡಲಿಲ್ಲ ಮಾಮಿ."

"ಅರ್ಧ ನೋಡಬಾರದು. ಸ್ಲೈಡ್ ಅರ್ಧ ನೋಡಿದ್ರೆ ಒಬ್ಬರ ಉಸಿರೇ ಹೋಗತ್ತೆ." ಆಮೇಲೆ ನಕ್ಕರು. "ಆದ್ರೆ ಅಲ್ಲಿ ಕಾಯಿಲೆ ಹುಡುಕಬೇಕಿತ್ತು. ಇಲ್ಲಿ ಏನನ್ನೂ ಹುಡುಕೋ ಹಾಗಿಲ್ಲ. ಎಷ್ಟು ಸುಖ, ನೋಡು!"

ಅಂದಿನಿಂದ ನಾಲ್ಕು ಗಂಟೆಗೆ ಮುಂಚೆಯೇ ನಾನು ಕಂಬಿಯ ಬಳಿ ನಿಂತಿರುತ್ತಿದ್ದೆ. ಹೊಂಗೆ ಎಲೆ ಉದುರಿಸಿ, ಎಣ್ಣೆ ಹಚ್ಚಿದಂತೆ ಮಿನುಗುವ ಚಿಗುರು ತಂದಿತು. ಹೂವು ಅರಳುಪುರಿಯ ಹಾಗೆ ಕೆಳಗಿನ ಸ್ಕೂಟರುಗಳ ಸೀಟಿನ ಮೇಲೆಲ್ಲ ಬಿತ್ತು. ನಾನು ಹೇಳುತ್ತಾ ಹೋದೆ, ಅವರು ಕೇಳುತ್ತಾ ನಿಂತರು. ನನ್ನ ಜೀವನದ ಅತ್ಯಂತ ನೆಮ್ಮದಿಯ ಸಂಜೆಗಳು ಅವು.

ಮೇ ತಿಂಗಳಲ್ಲಿ ಅವರಿಗೆ ಉಸಿರಾಟದ ತೊಂದರೆಯಾಯಿತು. ಆಸ್ಪತ್ರೆಯ ಕಿಟಕಿಯಾಚೆ ಬರೀ ಸಿಮೆಂಟು ಗೋಡೆ. ನನ್ನ ದನಿ ಕೇಳಿದ್ದೇ, "ಇವತ್ತೇನು?" ಎಂದರು.

"ಪೊಟರೆಯಿಂದ ಮರಿ ತಲೆ ಹೊರಗೆ ಹಾಕಿತು, ಮಾಮಿ."

"ಎಷ್ಟು ಮರಿ?"

"ಒಂದೇ ಕಾಣಿಸಿತು."

"ನಾಳೆ ಸರಿಯಾಗಿ ನೋಡ್ಕೊಂಡು ಬಾ."

ಮಾರನೆಯ ದಿನ ಒಂದು ಗಂಟೆ ನಿಂತೆ. ಮರಿ ತಡವರಿಸುತ್ತಾ ಹಾರಿ ಕೊಂಬೆ ಹಿಡಿಯಿತು. ಪೊಟರೆಯಲ್ಲಿ ಇನ್ನೊಂದು ತಲೆ ಕಾಣಿಸಿತು. ಚಪ್ಪಲಿ ಮೆಟ್ಟುತ್ತಿದ್ದಾಗ ಅವರ ಮಗಳ ಫೋನು ಬಂತು. ಮಾಮಿ ಹೋಗಿಬಿಟ್ಟಿದ್ದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳು ಆ ಬಾಲ್ಕನಿಗೆ ಬಂದು ನಿಂತಳು. "ಅಮ್ಮ ಡೈಲಿ ಇಲ್ಲಿ ನಿಂತು ನಿಮ್ಮ ಹತ್ರ ಅಷ್ಟು ಹೊತ್ತು ಏನು ಕೇಳ್ತಿದ್ರು?"

ನಾನು ಒಣಕೊಂಬೆಯತ್ತ ಕೈ ತೋರಿಸಿದೆ. ಮಾಮಿಗೆ ಹೇಳಲಾಗದೆ ಉಳಿದದ್ದನ್ನು ಅವಳಿಗೆ ಹೇಳಿದೆ.

"ಎರಡು ಮರಿ."