ಮೊದಲ ತೊಳೆ ನಾಗವೇಣಿಯದು

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೀ ಅಂಗಡಿಯವರು ಸ್ಟವ್ ಹಚ್ಚುವಷ್ಟರಲ್ಲೇ ನಾಗವೇಣಿ ಬೆಂಚಿನ ಪಕ್ಕ ಗೋಣಿಚೀಲ ಹಾಸಿ ಕೂತಿದ್ದಾರೆ. ಬುಟ್ಟಿಯ ಹಣ್ಣುಗಳನ್ನು ಒಂದೊಂದಾಗಿ ತೆಗೆದು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ. ಸ್ವಲ್ಪ ಬಗ್ಗಿದರೆ ಬುಟ್ಟಿಗೆ ವಾಪಸ್ಸು, ಗೋಲಿಯ ಹಾಗೆ ಗಟ್ಟಿಯಿದ್ದರೆ ಪಕ್ಕಕ್ಕೆ. ಕಡು ನೇರಳೆ ಬಣ್ಣ, ತಲೆಯ ಮೇಲೆ ಹಸಿರು ಟೋಪಿ. ಮ್ಯಾಂಗೋಸ್ಟೀನ್ ಅಂತ ಇದರ ಹೆಸರು. ಸಿಪ್ಪೆಯ ಕಲೆ ಹತ್ತಿ ಹತ್ತಿ ನಾಗವೇಣಿಯ ಬೆರಳುಗಳು ಮೇ ತಿಂಗಳಿಡೀ ಕಂದು ಬಣ್ಣದಲ್ಲೇ ಇರುತ್ತವೆ.

“ಗಟ್ಟಿ ಇದ್ರೆ ಒಳಗೆ ಹಳದಿ ಮೇಣ ಕೂತಿರ್ತೈತ್ರೀ, ಬರೀ ಕಹಿ. ಮೊದಲ ಸಲ ತಿನ್ನೋರಿಗೆ ಅಂಥಾದ್ದು ಸಿಕ್ತು ಅಂದ್ರೆ ಮುಗೀತು. ಮತ್ತೆ ಈ ಹಣ್ಣಿನ ಕಡೆ ತಿರುಗಿ ನೋಡಲ್ಲ ಅವ್ರು.”

ಹನ್ನೊಂದು ವರ್ಷದ ಹಿಂದೆ, ಗಂಡ ತೀರಿಕೊಂಡ ಮೂರನೇ ತಿಂಗಳಿಗೆ, ಅವರ ತಳ್ಳುಗಾಡಿಯನ್ನು ನಾಗವೇಣಿ ಇದೇ ನಿಲ್ದಾಣಕ್ಕೆ ತಂದು ನಿಲ್ಲಿಸಿದರು. ಆಗಲೇ ಅಲ್ಲಿ ಏಳು ಬಾಳೆಹಣ್ಣಿನ ಗಾಡಿಗಳಿದ್ದವು. ಎಂಟನೆಯದನ್ನು ಯಾರು ಕೇಳಬೇಕು? ಆರು ತಿಂಗಳು ಕಾದು, ಬಾಳೆಹಣ್ಣು ಬಿಟ್ಟು, ಯಾರೂ ಮಾರದ ಹಣ್ಣು ಹುಡುಕಿಕೊಂಡು ಹೊರಟರು. ಮೊದಲು ಡ್ರ್ಯಾಗನ್ ಫ್ರೂಟ್ ಬಂತು, ಆಮೇಲೆ ರಂಬುಟಾನ್, ಈಗ ಮೂರು ವರ್ಷದಿಂದ ಮ್ಯಾಂಗೋಸ್ಟೀನ್.

ನಮ್ಮ ಜನರ ವಿಷಯ ಗೊತ್ತಲ್ಲ. ಮೊಬೈಲಿಗೆ ಬಂದದ್ದನ್ನೆಲ್ಲ ಕಣ್ಣು ಮುಚ್ಚಿ ನಂಬುವವರು, ಕಾಣದ ಹಣ್ಣು ಕಂಡರೆ ಮಾತ್ರ ಹತ್ತು ಸಲ ತಿರುಗಿಸಿ ಮೂಸಿ ನೋಡುತ್ತಾರೆ. ರಂಬುಟಾನ್ ಕಂಡು “ಕಂಬಳಿಹುಳ ಮಾರ್ತೀಯೇನವ್ವಾ?” ಎಂದವರುಂಟು. ಅಂಥವರಿಗಾಗಿಯೇ ನಾಗವೇಣಿ ಒಂದು ಕ್ರಮ ಮಾಡಿಕೊಂಡಿದ್ದಾರೆ. ಗಿರಾಕಿಯ ಎದುರೇ ಹಣ್ಣು ಬಿಡಿಸುತ್ತಾರೆ. ಮೊದಲ ತೊಳೆ ತಮ್ಮ ಬಾಯಿಗೆ, ಎರಡನೆಯದು ಗಿರಾಕಿಯ ಕೈಗೆ. “ಏನಾದ್ರೂ ಆಗೋದಿದ್ರೆ ಮೊದ್ಲು ನಂಗೇ ಆಗ್ತೈತಲ್ರೀ, ಧೈರ್ಯವಾಗಿ ತಿನ್ರಿ!” ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಹಣ್ಣು ಹೀಗೆ ರುಚಿಗೇ ಹೋಗುತ್ತವೆ. ತಿಂದ ಹತ್ತು ಜನರಲ್ಲಿ ನಾಲ್ವರು ಕೊಂಡರೆ ಅದು ಒಳ್ಳೆಯ ದಿನ.

ಅವರ ಹತ್ತಿರ ಇನ್ನೊಂದು ಚಮತ್ಕಾರವಿದೆ. ಮ್ಯಾಂಗೋಸ್ಟೀನ್ ಹಣ್ಣಿನ ಬುಡದಲ್ಲಿ ಪುಟ್ಟ ಹೂವಿನ ಅಚ್ಚಿನಂಥ ಗುರುತಿರುತ್ತದೆ. ಅದರಲ್ಲಿ ಎಷ್ಟು ಎಸಳೋ ಒಳಗೆ ಅಷ್ಟೇ ತೊಳೆ. ಕುಯ್ಯುವ ಮೊದಲೇ “ಒಳಗೆ ಆರು” ಎಂದು ಹೇಳಿ ಬಿಡಿಸಿದರೆ, ನೋಡಲು ನಿಂತವರು ಹತ್ತಿರ ಬರುತ್ತಾರೆ.

ಈ ಹಣ್ಣು ಬರುವುದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಆನಂದಪ್ಪನವರ ಏಳು ಮರಗಳಿಂದ. ಒಂಬತ್ತು ವರ್ಷದ ಹಿಂದೆ ಸಸಿ ನೆಡಲು ಅವರು ಹಿಂದೆಮುಂದೆ ನೋಡುತ್ತಿದ್ದಾಗ, “ಬೆಳೀರಿ ಆನಂದಣ್ಣ, ಮಾರೋ ಜವಾಬ್ದಾರಿ ನಂದು” ಎಂದವರು ನಾಗವೇಣಿ. ಏಳೇ ಮರಕ್ಕೆ ದೂರದ ವ್ಯಾಪಾರಿಗಳು ಬರುವುದಿಲ್ಲ. ಹಣ್ಣು ಇಲ್ಲಿಯೇ ಹೋಗಬೇಕು, ಅದರಲ್ಲೂ ಸೊರಬದ ಸಂತೆಯಲ್ಲಿ ಹೋಗಬೇಕು. ಹೋದ ವರ್ಷ ಅಲ್ಲಿಯೇ ಎಡವಟ್ಟಾಯಿತು.

ಸೊರಬದಲ್ಲಿ ಸಂತೆಗೆ ಹೋಗುವ ದಾರಿಯಲ್ಲಿ ರಾಜೇಶ್ವರಮ್ಮನವರ ಮನೆ, ಮುಂಭಾಗದಲ್ಲೇ ದಿನಸಿ ಅಂಗಡಿ. ಅವರು ಒಳ್ಳೆಯದು ಅಂದರೆ ಇಡೀ ಬೀದಿ ಕೊಳ್ಳುತ್ತದೆ, ಮುಖ ಕಿವುಚಿದರೆ ಯಾರೂ ಮುಟ್ಟುವುದಿಲ್ಲ. ಲಿಂಗಪೂಜೆಯಾಗದೆ, ದೇವರಿಗೆ ತೋರಿಸದೆ, ಅವರು ಏನನ್ನೂ ಬಾಯಿಗೆ ಹಾಕುವವರಲ್ಲ. ಹಾಗಾಗಿ ಸಂತೆಯಲ್ಲಿ ರುಚಿ ನೋಡದೆಯೇ ಎರಡು ಡಜನ್ ಒಯ್ದರು. ಬಣ್ಣ ನೋಡಿ ಅವರಿಗೆ ಇದು ಸಾರಿಗೆ ಹುಳಿ ಕೊಡುವ ಮುರುಗಲಿನ, ಅಂದರೆ ಕೋಕಂನ, ದೊಡ್ಡ ಜಾತಿ ಅನ್ನಿಸಿತ್ತು. ಮುರುಗಲು ಹಣ್ಣಿಗೆ ಈ ಕಡೆಯವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಒಳಗಿನ ಬಿಳಿ ತೊಳೆಗಳನ್ನು ಕೆರೆದು ಹಸುವಿನ ಬಾನಿಗೆ ಹಾಕಿ, ಸಿಪ್ಪೆಯನ್ನು ಐದು ದಿನ ಬಿಸಿಲಲ್ಲಿ ಒಣಗಿಸಿ, ಬೀಗರು ಬಂದ ದಿನ ಸಾರು ಕಾಯಿಸಿದರು.

ಆ ಸಾರಿನ ಕಹಿ ಸೊರಬಕ್ಕೆಲ್ಲ ಗೊತ್ತಾಯಿತು. ಮುಂದಿನ ಸಂತೆಯಲ್ಲಿ ರಾಜೇಶ್ವರಮ್ಮ ಉಳಿದ ಸಿಪ್ಪೆಯನ್ನು ಸೆರಗಲ್ಲಿ ತಂದು ನಾಗವೇಣಿಯ ಗೋಣಿಚೀಲದ ಮೇಲೆ ಸುರಿದು, “ಇದನ್ನು ನೀನೇ ಕಾಯಿಸಿ ಕುಡಿ ಮಾರಾಯ್ತಿ!” ಎಂದು ಹೋದರು. ಅವತ್ತು ಒಂದು ಹಣ್ಣೂ ಹೋಗಲಿಲ್ಲ. ಆ ವರ್ಷದ ಮುಕ್ಕಾಲು ಬೆಳೆ ಕೊಳೆಯಿತು.

“ತಪ್ಪು ನಂದೇ ರೀ. ತಿನ್ಸದೆ ಮಾರಬಾರದು ಅಂತ ನಾನೇ ಮಾಡ್ಕಂಡ ರೂಲ್ಸು, ಅವತ್ತು ನಾನೇ ಮುರಿದೆ. ಅದಕ್ಕೆ ಶಿಕ್ಷೆ ಮರಕ್ಕೆ ಆಗ್ಬೇಕಾ?”

ಈ ಬೆಳೆಯೂ ಕೊಳೆತರೆ ಏಳು ಮರವನ್ನೂ ಕಡಿದು ಬಾಳೆ ಹಾಕುತ್ತೇನೆ ಎಂದು ಆನಂದಪ್ಪ ಖಡಾಖಂಡಿತವಾಗಿ ಹೇಳಿದ್ದಾರೆ. ಇವತ್ತು ಈ ವರ್ಷದ ಹಣ್ಣಿಗೆ ಸೊರಬದಲ್ಲಿ ಮೊದಲ ಸಂತೆ. ನಾಗವೇಣಿ ಆರು ಗಂಟೆಯ ಬಸ್ಸಿನಲ್ಲಿ ಹದಿನೆಂಟು ಕೆ.ಜಿ. ಬುಟ್ಟಿ ಹೊತ್ತು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಂದಿಳಿಯುತ್ತಾರೆ. ಸಂತೆಗೆ ಹೋಗುವುದಿಲ್ಲ. ನೇರ ರಾಜೇಶ್ವರಮ್ಮನವರ ಜಗಲಿಗೆ ಹೋಗುತ್ತಾರೆ.

“ಮತ್ತೆ ಎಂತಕ್ಕೆ ಬಂದೆ?”

“ಪೂಜೆಗೆ ಹಣ್ಣು ತಂದೀನ್ರಮ್ಮ. ದೇವ್ರಿಗೆ ತೋರ್ಸಿ, ಆಮೇಲೆ ನನ್ನ ಎದುರೇ ತಿನ್ರಿ. ಚಲೋ ಇಲ್ಲಾಂದ್ರೆ ಈ ಸಂತೆ ಕಡೆ ಮತ್ತೆ ಕಾಲಿಡಲ್ಲ.”

ರಾಜೇಶ್ವರಮ್ಮ ಒಂದು ಹಣ್ಣು ಒಳಗೆ ಒಯ್ಯುತ್ತಾರೆ. ಮುಕ್ಕಾಲು ಗಂಟೆಯ ಮೇಲೆ, ಹಣೆಯ ವಿಭೂತಿ ಆರುವ ಮುಂಚೆ, ಅದನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಬರುತ್ತಾರೆ. ದೇವರಿಗೆ ಇಟ್ಟ ಹಣ್ಣನ್ನು ನಾಗವೇಣಿ ಮೊದಲು ತಿನ್ನುವಂತಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಮೊದಲ ತೊಳೆ ಅವರದ್ದಲ್ಲ. ಒಳಗೆ ಹಳದಿ ಮೇಣವಿದ್ದರೆ ಅದು ಈಗ ನೇರ ರಾಜೇಶ್ವರಮ್ಮನವರ ನಾಲಿಗೆಗೇ ಹೋಗುತ್ತದೆ. ನಾಗವೇಣಿ ಹಣ್ಣಿನ ಬುಡ ನೋಡಿ ಹೇಳುತ್ತಾರೆ, “ಏಳು ತೊಳೆ.” ಸುತ್ತ ಚಾಕು ಆಡಿಸಿ ಸಿಪ್ಪೆಯ ಟೋಪಿ ಎತ್ತುತ್ತಾರೆ.

ಬೆಳ್ಳಗೆ ಏಳು ತೊಳೆ.

ರಾಜೇಶ್ವರಮ್ಮ ಒಂದನ್ನು ಬಾಯಿಗಿಡುತ್ತಾರೆ. ಹುಬ್ಬಿನ ಗಂಟು ಹಾಗೇ ಇದೆ. ಎರಡನೆಯದನ್ನು ತೆಗೆದುಕೊಳ್ಳುತ್ತಾರೆ. ಮೂರನೆಯದಕ್ಕೆ ಕೈ ಹಾಕಿದವರು ಥಟ್ಟನೆ ಕೊಟ್ಟಿಗೆಯ ಕಡೆ ತಿರುಗುತ್ತಾರೆ.

“ಅಯ್ಯೋ ಶಿವನೇ! ಇದನ್ನೇ ಅಲ್ಲವೇನೇ ನಾನು ದನಕ್ಕೆ ಹಾಕಿದ್ದು! ಅದಕ್ಕೇ ಆ ಗೌರಿ ಮೂರು ದಿನ ಬಾನಿ ಬಿಟ್ಟು ಕದಲಲಿಲ್ಲ!”

ಆಮೇಲಿನದು ಬೇಗ ಆಗುತ್ತದೆ. ರಾಜೇಶ್ವರಮ್ಮ ತಾವೇ ಸಂತೆಗೆ ಬಂದು ಗೋಣಿಚೀಲದ ಪಕ್ಕ ನಿಂತು, ಕೊಂಡವರಿಗೆಲ್ಲ “ಸಿಪ್ಪೆ ಒಣಗಿಸಬೇಡಿ, ಒಳಗಿನದು ತಿನ್ನಿ” ಎಂದು ಪಾಠ ಹೇಳುತ್ತಾರೆ. ತಮ್ಮ ಸಾರಿನ ಕಥೆಯನ್ನು ತಾವೇ ಹೇಳಿ ನಗಿಸುತ್ತಾರೆ. ಒಂದು ಗಂಟೆಯೊಳಗೆ ಬುಟ್ಟಿಯ ತಳ ಕಾಣುತ್ತದೆ. ನಾಗವೇಣಿ ಕುಪ್ಪಗಡ್ಡೆಗೆ ಫೋನ್ ಮಾಡುತ್ತಾರೆ. “ಆನಂದಣ್ಣ, ಕೊಡಲಿ ಒಳಗಿಡ್ರಿ. ನಾಳಿದ್ದಕ್ಕೆ ಇನ್ನೆರಡು ಬುಟ್ಟಿ ಕಳಿಸ್ರಿ.”

ಒಂದು ಹಣ್ಣನ್ನು ಮಾತ್ರ ಅವರು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಾರೆ. ನಿಮಗಾಗಿ ಏನು ಬೇಕು ಎಂದು ಕೇಳಿದರೆ ಅವರು ಹೇಳುವುದು ಇಷ್ಟೇ: “ಮೂರು ವರ್ಷದಿಂದ ಒಂದೊಂದೇ ತೊಳೆ ತಿಂದೀನಿ. ಇಡೀ ಹಣ್ಣು ಒಂದು, ನಾನೊಬ್ಳೇ ಕೂತು ತಿನ್ಬೇಕು ರೀ.”

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ಸೆರಗು ಬಿಚ್ಚಿ ಹಣ್ಣು ತೆಗೆದು ಬುಡ ನೋಡುತ್ತಾರೆ, ಆರು ಎಸಳು. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸು ಬಗ್ಗಿ ನೋಡಿ ಕೇಳುತ್ತಾಳೆ, “ಎಂತ ಹಣ್ಣದು? ಮುರುಗಲಾ?”

ನಾಗವೇಣಿ ಹಣ್ಣನ್ನೊಮ್ಮೆ, ಅವಳನ್ನೊಮ್ಮೆ ನೋಡುತ್ತಾರೆ. ಅಂಗೈಗಳ ನಡುವೆ ಒತ್ತಿ ಹಣ್ಣು ಬಿಡಿಸುತ್ತಾರೆ. ಮೊದಲ ತೊಳೆ ತಮ್ಮ ಬಾಯಿಗೆ ಹಾಕಿಕೊಂಡು, ಉಳಿದ ಐದನ್ನೂ ಸಿಪ್ಪೆಯ ಸಮೇತ ಅವಳ ಮುಂದೆ ಹಿಡಿಯುತ್ತಾರೆ.

“ಅಲ್ಲ ತಂಗಿ. ತಿಂದು ನೋಡು.”