ಎಲ್ಲರನ್ನೂ ಹತ್ತಿಸಿದ ಮೀನಾಕ್ಷಿ

ದಾವಣಗೆರೆಯ ಸರಸ್ವತಿ ನಗರದ ಆ ಮನೆಯಲ್ಲಿ ಹತ್ತು ಜನ, ಒಂದೇ ಬಚ್ಚಲು. ಮಾವ ಮೈಲಪ್ಪ, ಅತ್ತೆ ಗಿರಿಯಮ್ಮ, ಗಂಡ ಸಿದ್ದೇಶ್, ಮೈದುನ ಮಾರುತಿ, ಅವನ ಹೆಂಡತಿ, ಎರಡೂ ಜೋಡಿಗೆ ಇಬ್ಬಿಬ್ಬರು ಮಕ್ಕಳು. ಇಷ್ಟು ಜನರನ್ನು ದಿನಾ ಬೆಳಿಗ್ಗೆ ಒಂಬತ್ತರೊಳಗೆ ಸ್ನಾನ ಮಾಡಿಸಿ, ತಿನ್ನಿಸಿ, ಹೊರಗೆ ಅಟ್ಟುವವಳು ಹಿರಿಯ ಸೊಸೆ ಮೀನಾಕ್ಷಿ.

ಯಾರು ಎಷ್ಟು ಹೊತ್ತಿಗೆ ಬಚ್ಚಲಿಗೆ ಹೋಗಬೇಕು ಎಂಬ ಚೀಟಿ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿತ್ತು. ಅದರ ಕೆಳಗೆ ಮಾವನ ಸಕ್ಕರೆ ಕಾಯಿಲೆಯ ಗುಳಿಗೆಯದು, ಅದರ ಪಕ್ಕದಲ್ಲಿ ಮಕ್ಕಳ ಪರೀಕ್ಷೆಯದು. ಆದರೆ ಚೀಟಿ ಓದುವವರು ಯಾರೂ ಇರಲಿಲ್ಲ. ಓದುವುದಕ್ಕಿಂತ ಅವಳನ್ನು ಕೇಳುವುದೇ ಸಲೀಸು.

"ಮೀನಾ, ನನ್ನ ಬನೀನು..."

"ಎಡಗಡೆ, ಎರಡನೇ ಖಾನೆ."

ಸಿದ್ದೇಶ್ ಬೀರುವಿನ ಬಾಗಿಲು ತೆಗೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂದಿರುತ್ತಿತ್ತು.

ಎಲ್ಲರೂ ಒಟ್ಟಿಗೆ ಎಲ್ಲಿಗಾದರೂ ಹೊರಟರೆ ಮೀನಾಕ್ಷಿ ಗೇಟಿನಲ್ಲಿ ನಿಂತು ತಲೆ ಎಣಿಸುತ್ತಿದ್ದಳು. ಒಂಬತ್ತಾದರೆ ಹೊರಡುವುದು. ತನ್ನನ್ನು ಎಣಿಸಿಕೊಳ್ಳುವ ಪ್ರಶ್ನೆಯೇ ಬಂದಿರಲಿಲ್ಲ. ಎಣಿಸುತ್ತಿದ್ದವಳು ಅವಳೇ ತಾನೆ.

ಕಳೆದ ವರ್ಷ ಒಂದು ಭಾನುವಾರ ಹರಿಹರದಲ್ಲಿ ನಾದಿನಿಯ ಮಗಳು ಭವ್ಯಾಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬುತ್ತಿ ಉಣಿಸುವ ಶಾಸ್ತ್ರ. ಸೀರೆ, ಬುತ್ತಿ ಎರಡೂ ಸೋದರಮಾವನ ಮನೆಯವೇ. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಮೊಸರನ್ನದ ದೊಡ್ಡ ಡಬ್ಬಿ, ಹಣ್ಣಿನ ಬುಟ್ಟಿ, ಎಲ್ಲವನ್ನೂ ಮೀನಾಕ್ಷಿ ಹನ್ನೆರಡು ಚೀಲಕ್ಕೆ ತುಂಬಿ ಟೆಂಪೋಗೆ ಏರಿಸಿದಳು. ತನ್ನ ಕೈಚೀಲವನ್ನೂ ಒಳಗಿಟ್ಟಳು. ಅದರಲ್ಲೇ ಮೊಬೈಲು. ಆಮೇಲೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂದು ಮತ್ತೆ ಒಳಗೆ ಓಡಿದಳು.

ಅಷ್ಟರಲ್ಲಿ ಮಾರುತಿ ಟೆಂಪೋದೊಳಗೆ ಎಣಿಸಿದ. ಸರಿಯಾಗಿ ಒಂಬತ್ತು. "ಹೊಂಡ್ರಿ ಡ್ರೈವರಣ್ಣ!" ಎಂದ.

ಮೀನಾಕ್ಷಿ ಬೀಗ ಹಾಕಿ ಬಂದಾಗ ರಸ್ತೆಯಲ್ಲಿ ಹೊಗೆ ಮಾತ್ರ ಇತ್ತು.

ಮೊದಲು ಸಿಟ್ಟು ಬಂತು. ಬೀದಿಯ ಕೊನೆಯವರೆಗೆ ಓಡಿ ನೋಡಿದಳು. ಈಗ ತಿರುಗಿ ಬರುತ್ತಾರೆ, ಈಗ ಬರುತ್ತಾರೆ ಎಂದು ಕಾದಳು. ಬರಲಿಲ್ಲ. ಆಗ ಅವಳಿಗೆ ಒಂದು ವಿಚಿತ್ರ ಹೊಳೆಯಿತು: ಹತ್ತು ನಿಮಿಷದಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಹೊಟ್ಟೆಯೊಳಗಿಂದ ನಗು ಉಕ್ಕಿತು. ಜರಿ ಸೀರೆ ಉಟ್ಟ ಹೆಂಗಸು ನಡುರಸ್ತೆಯಲ್ಲಿ ಒಬ್ಬಳೇ ನಗುವುದನ್ನು ಕಂಡು ಹೂವಿನ ತಿಮ್ಮವ್ವ ಬುಟ್ಟಿ ಇಳಿಸಿ ನಿಂತಳು.

"ಏನಾತವ್ವಾ?"

"ನನ್ನ ಬಿಟ್ಟು ಹೋದ್ರು ನೋಡು!"

"ಅದಕ್ಕ ನಗ್ತಾರೇನು?"

ಸೆರಗಿನ ಗಂಟಿನಲ್ಲಿದ್ದ ನೋಟು ಹಿಡಿದು ಮೀನಾಕ್ಷಿ ನೇರ ದೋಸೆ ಹೋಟೆಲ್ಲಿಗೆ ಹೋದಳು. ಮನೆಯಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ಕೊನೆಯ ದೋಸೆ, ಅದೂ ಆರಿದ್ದು. ಇಲ್ಲಿ ಕಾವಲಿಯಿಂದ ಎಲೆಗೆ ಬಿದ್ದದ್ದನ್ನು, ಬೆಣ್ಣೆ ಇನ್ನೂ ಕರಗುತ್ತಿರುವಾಗಲೇ ತಿಂದಳು. ಇನ್ನೊಂದು ಹೇಳಿದಳು.

ಕೈ ತೊಳೆದು ಹೊರಬರುವಾಗ ಎದುರಿಗೆ ಬಳೆಗಾರ್ತಿ ರುಮಾನಾಳ ಸ್ಕೂಟಿ ಬಂತು. ಹಿಂದೆ ಬಳೆಯ ಪೆಟ್ಟಿಗೆ. ಅದೇ ಕುಬಸಕ್ಕೆ ಅವಳನ್ನು ಗೊತ್ತು ಮಾಡಿದ್ದೂ ಮೀನಾಕ್ಷಿಯೇ.

"ಅಕ್ಕಾ, ನೀವು ಇನ್ನೂ ಇಲ್ಲೇ ಅದೀರಾ!"

ಕತೆ ಕೇಳಿ ರುಮಾನಾ ಬ್ರೇಕು ಹಿಡಿದುಕೊಂಡೇ ನಕ್ಕಳು. "ಹತ್ರಿ, ಪೆಟ್ಟಿಗೆ ತೊಡೆ ಮ್ಯಾಲೆ ಇಟ್ಕಳ್ರಿ."

ಗಾಳಿಗೆ ಸೆರಗು ಪಟಪಟ ಬಡಿಯಿತು. ಅರ್ಧ ದಾರಿಯಲ್ಲಿ ಎದುರಿನ ಪಕ್ಕದಿಂದ ಅದೇ ಟೆಂಪೋ ದಾವಣಗೆರೆಯ ಕಡೆಗೆ ಬಿರುಸಾಗಿ ಬಂತು. ಕಿಟಕಿಯಲ್ಲಿ ಸಿದ್ದೇಶ್‌ನ ಗಾಬರಿ ಮುಖ. ಮೀನಾಕ್ಷಿ ಕೈ ಎತ್ತಿ ಕೂಗಿದಳು. ಯಾರಿಗೂ ಕೇಳಲಿಲ್ಲ.

"ತಿರುಗಿಸ್ಲಾ ಅಕ್ಕಾ?"

"ಬ್ಯಾಡ, ನೀ ಹೊಡಿ!" ಎಂದಳು ಮೀನಾಕ್ಷಿ.

ಹರಿಹರದಲ್ಲಿ ನಾದಿನಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಪಾನಕ ಕೊಟ್ಟಳು. ಎರಡು ಗುಟುಕು ಕುಡಿಯುವಷ್ಟರಲ್ಲಿ ನಾದಿನಿಯ ಫೋನು ಬಡಿದುಕೊಂಡಿತು. ಸಿದ್ದೇಶ್‌ನ ದನಿ ಎಲ್ಲರಿಗೂ ಕೇಳಿಸಿತು.

"ತಂಗೀ, ಮೀನಾ ಕಾಣ್ತಿಲ್ಲ! ಡೀಸೆಲ್ ಬಂಕಿನ ಸಾಲಿನಾಗೆ ಅರ್ಧ ಗಂಟೆ ನಿಂತಿದ್ವಿ, ಅಪ್ಪ ಗುಳಿಗೆ ಎಲ್ಲೈತೆ ಅಂತ ಕೇಳ್ದ, ಯಾರೂ ಮಾತಾಡ್ಲಿಲ್ಲ. ಆವಾಗ ಗೊತ್ತಾತು. ಇಲ್ಲಿ ನೋಡಿದ್ರೆ ಮನಿಗೆ ಬೀಗ!"

ಮೀನಾಕ್ಷಿ ಫೋನು ತೆಗೆದುಕೊಂಡಳು. "ರೀ, ನಾನು ಹರಿಹರದಾಗೆ ಪಾನಕ ಕುಡೀತಿದೀನಿ. ನೀವ್ಯಾಕ ಇನ್ನೂ ಬಂದಿಲ್ಲ?"

ಆ ಕಡೆ ಟೆಂಪೋಗೆ ಟೆಂಪೋನೇ ನಕ್ಕಿತು. ಗಿರಿಯಮ್ಮನ ನಗುವಂತೂ ಎಲ್ಲರಿಗಿಂತ ಜೋರು. ನಗುವಿನ ನಡುವೆಯೇ ಸಿದ್ದೇಶ್ ಕೇಳಿದ, "ಅಪ್ಪನ ಗುಳಿಗೆ ಯಾವ ಚೀಲದಾಗೈತೆ?"

ಅದಕ್ಕೆ ಮಾತ್ರ ತಕ್ಷಣ ಉತ್ತರ ಕೊಟ್ಟಳು. "ಹಸಿರು ಸೀರೆ?" ಎಂದು ಅವನು ಕೇಳಿದಾಗ, "ನೀವೇ ಹುಡುಕ್ರಿ" ಎಂದು ಫೋನು ಇಟ್ಟುಬಿಟ್ಟಳು.

ಮುಕ್ಕಾಲು ಗಂಟೆಯ ಮೇಲೆ ಬಂದರು. ಹನ್ನೆರಡು ಚೀಲಗಳನ್ನೂ ಬಿಚ್ಚಿ ಹುಡುಕಿದ ಗುರುತು ಎಲ್ಲರ ಮೇಲೂ ಇತ್ತು. ಮಾರುತಿಯ ಅಂಗಿಗೆ ಮೊಸರು, ಮಕ್ಕಳ ಬಾಯ್ತುಂಬ ಹೋಳಿಗೆ. ಸೀರೆಯನ್ನು ಎದೆಗೆ ಅವಚಿಕೊಂಡು ಮೈಲಪ್ಪ ಮುಂದೆ ನಡೆದು ಬಂದರು. "ನಾನೇ ಹುಡುಕಿದ್ದು. ಬಾಳೆಹಣ್ಣಿನ ಕೆಳಗಿತ್ತು," ಎಂದು ಸಾರಿದರು.

ಭವ್ಯಾಗೆ ನಗು ತಡೆಯಲಾಗಲಿಲ್ಲ. ಸೀರೆ ಉಟ್ಟು ಹಸೆಗೆ ಕೂತರೂ ನಿಲ್ಲಲಿಲ್ಲ. ಬಳೆ ಏರಿಸಲು ಹಿಡಿದ ಕೈ ಕುಣಿಯುತ್ತಿತ್ತು.

"ಒಂಚೂರು ಸುಮ್ಕಿರವ್ವ, ಬಳೆ ಒಡೀತಾವೆ," ಎಂದು ರುಮಾನಾ ಗದರಿದಳು. ಗದರುತ್ತಾ ತಾನೂ ನಕ್ಕಳು.

ಭವ್ಯಾ ತಟ್ಟನೆ ಮೀನಾಕ್ಷಿಯ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ಅತ್ತೀ, ನೋಡ್ರಿ, ಇದೂ ಕುಣೀತೈತೆ!"

ಅಂಗೈ ಕೆಳಗೆ ಪುಟ್ಟ ಕಾಲೊಂದು ಒದೆಯಿತು, ಮತ್ತೆ ಒದೆಯಿತು. ಬುತ್ತಿಯ ಊಟಕ್ಕೆ ತಡವಾಗುತ್ತಿದೆ ಎಂದು ಯಾರೋ ಹಿಂದಿನಿಂದ ಕೂಗಿದರು. ಮೀನಾಕ್ಷಿ ಕೈ ತೆಗೆಯಲಿಲ್ಲ.