ಬಿಲ್ಲೆ ನೋಡಿ ವಯಸ್ಸು ಹೇಳುತ್ತಿದ್ದ ನಮ್ಮ ಭಾವ

ಮದುವೆ ಗೊತ್ತಾದ ವಾರ ನನ್ನ ಗಂಡನಾಗುವವರು ಕಾರ್ಖಾನೆಯ ಎದುರಿನ ಚಹದಂಗಡಿಗೆ ಕರೆದುಕೊಂಡು ಹೋಗಿ ತಮ್ಮ ಮನೆಯವರ ವಿಷಯ ಹೇಳಿದರು. ಅದು ಅಂಗಿಗಳ ಕಾರ್ಖಾನೆ. ನಾನು ಗುಂಡಿ ಹೊಲಿಯುತ್ತಿದ್ದೆ, ಅವರು ಉಗ್ರಾಣ ನೋಡಿಕೊಳ್ಳುತ್ತಿದ್ದರು.

“ಮನೇಲಿ ಅಮ್ಮ ಇದ್ದಾಳೆ. ಮಾತಲ್ಲಿ ಯಾರಿಗೂ ಸೋತೋಳಲ್ಲ. ಆಮೇಲೆ ಅಣ್ಣ ಇದ್ದಾನೆ. ಮದುವೆ ಆಗಿಲ್ಲ. ಅವನು ವಯಸ್ಸು ಹೇಳ್ತಾನೆ,” ಅಂದರು.

“ಯಾರ ವಯಸ್ಸು?”

“ಹಾಡಿನ ರೆಕಾರ್ಡುಗಳದ್ದು. ನಡುವೆ ಗುಂಡನೆ ಕಾಗದ ಇರುತ್ತಲ್ಲ, ಅದನ್ನ ನೋಡಿ ಇದು ಯಾವ ಕಾಲದ್ದು ಅಂತ ಹೇಳಿಬಿಡ್ತಾನೆ. ಅದಕ್ಕೇ ಎಲ್ಲರೂ ಬಿಲ್ಲೆಯಣ್ಣ ಅಂತಾರೆ.”

“ನನ್ನ ವಯಸ್ಸೂ ಹೇಳ್ತಾರೇನು?”

“ನಿನ್ನ ಮೇಲೆ ಬಿಲ್ಲೆ ಇಲ್ವಲ್ಲ, ಬದುಕಿಕೊಂಡೆ.”

ಹೀಗೆ ಭಾವನನ್ನು ನಾನು ಕಾಣುವ ಮೊದಲೇ ಅವರ ಬಗ್ಗೆ ನಕ್ಕಿದ್ದೆ. ಕಂಡ ಮೇಲೆ ನಗು ಬರಲಿಲ್ಲ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ. ಬಲಗೈಯ ಬೆರಳುಗಳ ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ನೀಲಿ. ನನ್ನ ಗಂಡನಿಗಿಂತ ಎಷ್ಟು ದೊಡ್ಡವರೆಂದರೆ, ನಮ್ಮ ಯಜಮಾನರು ಹುಟ್ಟುವ ಎಷ್ಟೋ ಮೊದಲೇ ಭಾವ ಮುದ್ರಣಾಲಯಕ್ಕೆ ಕೆಲಸಕ್ಕೆ ಹೋಗುತ್ತಿದ್ದರು.

ಆ ನೀಲಿಯ ಕಥೆ ಆ ಮುದ್ರಣಾಲಯದ್ದೇ. ದೋಣಿಯ ಗುರುತಿದ್ದ ಒಂದು ರೆಕಾರ್ಡು ಕಂಪನಿಗೆ ಬಿಲ್ಲೆಗಳನ್ನು ಅಚ್ಚು ಹಾಕಿಕೊಡುತ್ತಿದ್ದ ಜಾಗ ಅದು. ಭಾವ ಅಲ್ಲಿ ಮಸಿ ಕಲಸುವವರು. ಮೊದಮೊದಲು ಬಿಲ್ಲೆ ಕಡುನೀಲಿ, ಅಕ್ಷರ ಬೆಳ್ಳಿ ಬಣ್ಣ, ದೋಣಿಗೆ ಗಾಳಿ ತುಂಬಿದ ಹಾಯಿ. ಆಮೇಲೆ ಹಾಯಿ ಚಪ್ಪಟೆಯಾಯಿತು. ಸ್ಟೀರಿಯೊ ಬಂದಾಗ ನೀಲಿಯ ನಡುವೆ ಕೆಂಪು ಪಟ್ಟಿ ಬಂತು. ಯಾವ ಬದಲಾವಣೆ ಯಾವಾಗ ಆಯಿತು ಎಂಬುದು ಭಾವನಿಗೆ ನಾಲಿಗೆಯ ತುದಿಯಲ್ಲಿತ್ತು. ಮುದ್ರಣಾಲಯ ಮುಚ್ಚಿದ ಮೇಲೆ ನಮ್ಮ ಮನೆಯ ಕೆಳಗಿನ ಸಣ್ಣ ಕೋಣೆಯಲ್ಲೇ ಹಳೆಯ ರೆಕಾರ್ಡುಗಳ ಅಂಗಡಿ ಇಟ್ಟರು. ದೂರದೂರದಿಂದ ಜನ ರೆಕಾರ್ಡುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಭಾವ ಹೊದಿಕೆಯಿಂದ ಅರ್ಧ ಎಳೆದು, ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ವರ್ಷ ಹೇಳಿ, ಮತ್ತೆ ಒಳಗೆ ತಳ್ಳುತ್ತಿದ್ದರು. ಹಾಕಿ ಕೇಳುತ್ತಲೇ ಇರಲಿಲ್ಲ.

“ಒಂದು ಸಲ ಹಾಕಿ ನೋಡಬಾರದಾ?” ಎಂದು ಯಾರಾದರೂ ಕೇಳಿದರೆ, “ಈ ನೀಲಿ ಕಲಸಿದ ಕೈ ಇದು. ನಾನು ಹೆತ್ತ ಮಗುವಿನ ವಯಸ್ಸು ಹೇಳೋಕೆ ಅದು ಅಳಬೇಕಾ?” ಅನ್ನುವರು.

ಮಾನೊ, ಸ್ಟೀರಿಯೊ ಅಂದರೆ ಏನೆಂದು ನನಗೆ ತಿಳಿಯುವಂತೆ ಹೇಳಿಕೊಟ್ಟವರೂ ಅವರೇ. “ಮೊದಲಿನದು ಮಾನೊ ತಂಗಿ. ಹಾಡೋರು, ಬಾರಿಸೋರು ಎಲ್ಲರೂ ಒಂದೇ ಬಾಗಿಲಿಂದ ಹೊರಗೆ ಬರ್ತಾರೆ. ನೀನು ಎಷ್ಟು ಸ್ಪೀಕರ್ ಪೆಟ್ಟಿಗೆ ಇಟ್ಟರೂ ಎಲ್ಲದರಲ್ಲೂ ಅದೇ ಸದ್ದು. ಆಮೇಲಿಂದು ಸ್ಟೀರಿಯೊ, ಅದಕ್ಕೆ ಎರಡು ಬಾಗಿಲು. ಕೆಲವರು ಈ ಕಡೆಯಿಂದ, ಕೆಲವರು ಆ ಕಡೆಯಿಂದ.” ನಮ್ಮ ಮನೆಯಲ್ಲಿ ಆಗ ಇದ್ದದ್ದು ಒಂದೇ ಪೆಟ್ಟಿಗೆಯ ಹಳೆಯ ಯಂತ್ರ. ಯಾವ ಬಾಗಿಲಾದರೂ ನಮಗೆ ಒಂದೇ.

ಇನ್ನು ನಮ್ಮ ಅತ್ತೆಯ ವಿಷಯಕ್ಕೆ ಬರಬೇಕು. ಅತ್ತೆ ಪ್ರಾಯದಲ್ಲಿ ಹಾಡುತ್ತಿದ್ದರು. ದೊಡ್ಡ ಹಾಡುಗಾರ್ತಿಯಲ್ಲ, ಹೆಸರಾದ ಒಬ್ಬ ಗಾಯಕಿಯ ಹಿಂದೆ ನಿಂತು ಸಾಲಿನ ಕೊನೆಯನ್ನು ಎತ್ತಿಕೊಡುವ ಎರಡನೆಯ ದನಿ. ದೋಣಿ ಕಂಪನಿಯವರು ತಂದ ‘ಬೆಳಗಿನ ಹಾಡುಗಳು’ ಎಂಬ ರೆಕಾರ್ಡಿನಲ್ಲಿ ಹಾಗೆ ಹಾಡಿದ್ದರು. ಬಿಲ್ಲೆಯ ಮೇಲೆ ಅವರ ಹೆಸರಿಲ್ಲ, ಹೊದಿಕೆಯ ಮೇಲೂ ಇಲ್ಲ. ಅದು ಚೆನ್ನಾಗಿ ಓಡಿತಂತೆ. ಸ್ಟೀರಿಯೊ ಬಂದಾಗ ಕಂಪನಿಯವರು ಅದೇ ಹಾಡುಗಳನ್ನು ಇನ್ನೊಮ್ಮೆ ಹಾಡಿಸಿದರು. ಆಗ ಅತ್ತೆಯ ಹೊಟ್ಟೆಯಲ್ಲಿ ನಮ್ಮ ಯಜಮಾನರು. ಹೋಗಲಾಗಲಿಲ್ಲ. ಅವರ ಜಾಗಕ್ಕೆ ಬೇರೆ ಯಾರನ್ನೋ ಕರೆಸಿಕೊಂಡರು. ಅಲ್ಲಿಗೆ ಅತ್ತೆಯ ಹಾಡು ನಿಂತಿತು. ಮನೆಯಲ್ಲಿ ಆ ರೆಕಾರ್ಡಿನ ಒಂದು ಪ್ರತಿಯೂ ಇರಲಿಲ್ಲ.

ನನ್ನ ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಭಾವ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಬಂದರು. ಕೈಯಲ್ಲಿ ‘ಬೆಳಗಿನ ಹಾಡುಗಳು’.

“ಅಮ್ಮಾ, ಸಿಕ್ಕಿಬಿಟ್ಟೆ ನೀನು! ನೋಡು, ಕಡುನೀಲಿ, ಬೆಳ್ಳಿ ಅಕ್ಷರ, ಕೆಂಪು ಪಟ್ಟಿ ಇಲ್ಲ. ಮೊದಲನೇ ಅಚ್ಚು.”

ಹಾಕಿದರು. ಅತ್ತೆ ಕಣ್ಣು ಮುಚ್ಚಿ ಕೇಳಿದರು. ನಾವೆಲ್ಲ ಅವರ ಮುಖ ನೋಡುತ್ತಾ ಕೂತಿದ್ದೆವು. ಒಂದು ಮಗ್ಗುಲು ಪೂರ್ತಿ ಮುಗಿದ ಮೇಲೆ ಕಣ್ಣು ಬಿಟ್ಟು, “ಚೆನ್ನಾಗಿ ಹಾಡಿದ್ದಾಳೆ. ಆದರೆ ಇದು ನಾನಲ್ಲ,” ಅಂದರು.

“ಅಮ್ಮಾ, ನೀನೇ ಅದು.”

“ಅಲ್ಲ ಕಣೋ. ಸಾಲಿನ ನಡುವೆ ಉಸಿರು ತಗೋತಾಳೆ ಇವಳು. ನನಗೆ ಆ ಚಾಳಿ ಇರಲಿಲ್ಲ.”

“ರೆಕಾರ್ಡಲ್ಲಿ ಯಾರಿಗೂ ತಮ್ಮ ದನಿ ಗುರುತು ಸಿಗಲ್ಲ. ಬಿಲ್ಲೆ ಸುಳ್ಳು ಹೇಳುತ್ತಾ?”

“ಬಿಲ್ಲೆ ನೋಡಿ ಹೆತ್ತವಳ ದನಿ ಗುರುತು ಹಿಡಿಯೋನು ಊರಲ್ಲಿ ನೀನೊಬ್ಬನೇ ನೋಡು!”

ಮೊದಮೊದಲು ಇದು ಮನೆಯವರಿಗೆಲ್ಲ ತಮಾಷೆಯಾಗಿತ್ತು. ಬರಬರುತ್ತಾ ತಮಾಷೆ ಹುಳಿಯಾಯಿತು. ಮನೆಗೆ ಯಾರು ಬಂದರೂ ಭಾವ ಆ ರೆಕಾರ್ಡು ಹಾಕಿ, “ಹಿಂದಿನ ದನಿ ಅಮ್ಮಂದು,” ಅನ್ನುವರು. ಅತ್ತೆ “ನನ್ನದಲ್ಲ” ಅನ್ನುವರು. ಬಂದವರು ಮುದುಕಿಗೆ ಅರಳುಮರಳು ಎಂದುಕೊಂಡು ಅನುಕಂಪದಿಂದ ನಗುವರು. ಆಮೇಲೆ ಅತ್ತೆ ಕನ್ನಡಕ ಎಲ್ಲಿಟ್ಟೆನೆಂದು ಹುಡುಕಿದರೂ ಸಾಕು, ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು. ಒಂದು ದಿನ ಯಾರೋ ಕೇಳಿದಾಗ ಅತ್ತೆ, “ಇವನು ಹಾಗಂತಾನೆ. ಇರಬಹುದು. ನನಗೆ ಸರಿಯಾಗಿ ನೆನಪಿಲ್ಲ,” ಅಂದುಬಿಟ್ಟರು. ಮಾತಲ್ಲಿ ಯಾರಿಗೂ ಸೋಲದ ಹೆಂಗಸು! ಅತ್ತೆಯ ನೆನಪು ಎಷ್ಟು ಗಟ್ಟಿ ಎಂದು ಅಡುಗೆಮನೆಯಲ್ಲಿ ದಿನವೂ ಜೊತೆಗಿದ್ದ ನನಗೆ ಗೊತ್ತಿತ್ತು. ಆದರೆ ಬಿಲ್ಲೆಯ ಎದುರು ನನ್ನ ಮಾತಿಗೆ ಬೆಲೆ ಎಲ್ಲಿ?

ಅದು ಬಗೆಹರಿದದ್ದು ಗೋಡೆಗೆ ಬಣ್ಣ ಹೊಡೆಸಿದಾಗ. ಅಷ್ಟರಲ್ಲಿ ನಮ್ಮ ಯಜಮಾನರು ಎರಡು ಪೆಟ್ಟಿಗೆಯ ಹೊಸ ಯಂತ್ರ ತಂದಿದ್ದರು. ಎರಡನ್ನೂ ಅಲಮಾರಿನ ಮೇಲೆ ಒಂದಕ್ಕೊಂದು ಅಂಟಿಸಿದಂತೆ ಇಟ್ಟಿದ್ದೆವು. ಬಣ್ಣದವನು ಅಲಮಾರು ಸರಿಸಿ ಎಂದಾಗ ನಾನು ಒಂದು ಪೆಟ್ಟಿಗೆಯನ್ನು ತಂತಿಯ ಸಮೇತ ಎಳೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಇನ್ನೊಂದು ನಡುಮನೆಯಲ್ಲೇ ಉಳಿಯಿತು. ಬಣ್ಣದವನು ಏಣಿಯ ಮೇಲಿಂದ, “ಏನಾದರೂ ಹಾಡು ಹಾಕ್ರಮ್ಮ, ಕೈ ಓಡುತ್ತೆ,” ಅಂದ. ಮೇಲುಗಡೆ ಇದ್ದದ್ದೇ ‘ಬೆಳಗಿನ ಹಾಡುಗಳು’. ಹಾಕಿ ಒಳಗೆ ಹೋದೆ.

ಅತ್ತೆ ಈರುಳ್ಳಿ ಹೆಚ್ಚುತ್ತಿದ್ದವರು ಚಾಕು ನಿಲ್ಲಿಸಿದರು. “ಇವತ್ತು ಇವಳೊಬ್ಬಳೇ ಹಾಡ್ತಿದ್ದಾಳಲ್ಲ. ಹಿಂದಿನವಳು ಎಲ್ಲಿ ಹೋದಳು?”

ಕಿವಿಗೊಟ್ಟೆ. ಹೌದು, ಗಾಯಕಿ ಮಾತ್ರ. ನಡುಮನೆಗೆ ಓಡಿದೆ. ಅಲ್ಲಿ ಹಿಂದಿನವಳು ಮಾತ್ರ, ಯಾರೂ ಹಾಡದ ಸಾಲಿಗೆ ಕೊನೆ ಎತ್ತಿಕೊಡುತ್ತಾ ಇದ್ದಳು, ಮದುವೆಮನೆಗೆ ತಪ್ಪಿ ಬಂದವಳ ಹಾಗೆ! ನಾನು ಮಹಡಿಯಿಂದಲೇ ಕೂಗಿದೆ: “ಭಾವಾ, ಬೇಗ ಬನ್ನಿ! ಇಬ್ಬರೂ ಜಗಳ ಆಡಿಕೊಂಡು ಬೇರೆ ಮನೆ ಮಾಡಿದ್ದಾರೆ!”

ಭಾವ ಬಂದರು. ಅಡುಗೆಮನೆಯಲ್ಲಿ ನಿಂತರು, ನಡುಮನೆಯಲ್ಲಿ ನಿಂತರು, ಮತ್ತೆ ಅಡುಗೆಮನೆಗೆ ಹೋದರು. ಎಲ್ಲರಿಗೂ ಎರಡು ಬಾಗಿಲಿನ ಪಾಠ ಹೇಳಿದವರಿಗೆ ನಾನೇನು ಹೇಳುವುದು? ಮಾನೊ ಬಿಲ್ಲೆಯ ಕೆಳಗೆ ಸ್ಟೀರಿಯೊ ಹಾಡು. ರೆಕಾರ್ಡು ತೆಗೆದು, ಭೂತಗನ್ನಡಿ ಹಿಡಿದು, ಹಾಡು ಮುಗಿದ ಮೇಲೆ ಬಿಲ್ಲೆಯವರೆಗೆ ಇರುವ ನುಣ್ಣನೆಯ ಜಾಗವನ್ನು ನೋಡಿದರು. ಅಲ್ಲಿ ರೆಕಾರ್ಡು ತಯಾರಿಸುವವರು ಮೊಳೆಯಿಂದ ಗೀಚಿದಂತೆ ಒಂದು ಸಣ್ಣ ಸಂಖ್ಯೆ ಇರುತ್ತದೆ. ಎರಡನೆಯ ಸಲ ಹಾಡಿಸಿದ್ದರ ಸಂಖ್ಯೆಯೇ ಅಲ್ಲಿತ್ತು. ಅಷ್ಟು ವರ್ಷ ಅವರು ಅದನ್ನು ನೋಡಿಯೇ ಇರಲಿಲ್ಲ.

ಸಂಜೆ ನಮ್ಮ ಯಜಮಾನರು ಬಂದಾಗಲೂ ಭಾವ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. “ನನ್ನ ನೀಲಿಯೇ ಇದು. ಆ ವರ್ಷದ್ದೇ. ಕಣ್ಣು ಕಟ್ಟಿದ್ರೂ ಹೇಳ್ತೀನಿ.”

“ನೀಲಿ ನಿಂದೇ ಕಣೋ ಅಣ್ಣಾ,” ಎಂದರು ಇವರು. “ಬಿಲ್ಲೆ ಯಾವಾಗ ಅಚ್ಚಾಯ್ತು ಅಂತ ನಿನಗೆ ಗೊತ್ತು. ಯಾವಾಗ ಅಂಟಿಸಿದ್ರು ಅಂತ ನಿನಗೇನು ಗೊತ್ತು? ಹಳೇದು ಕಟ್ಟುಕಟ್ಟಾಗಿ ಉಳಿದಿದ್ರೆ ಯಾವ ಉಗ್ರಾಣದವನು ಎಸೀತಾನೆ? ನಾವು ಹೊಸ ಅಂಗಿಗೆ ಹಳೇ ಹೆಸರಿನ ಪಟ್ಟಿ ಹೊಲಿಸಿಲ್ವಾ? ಕೇಳು ಇವಳನ್ನ.”

“ಎಷ್ಟೋ ಹೊಲಿದಿದ್ದೀನಿ,” ಅಂದೆ.

ಭಾವ ಎದ್ದು ಹೋಗಿ ಅಮ್ಮನ ಮಂಚದ ಪಕ್ಕ ಕೂತರು. “ಅಮ್ಮಾ, ನೀನು ಹೇಳಿದ್ದೇ ಸರಿ.”

“ಯಾವುದು? ನಾನು ಸರಿಯಾಗಿ ಹೇಳಿದ್ದು ಬೇಕಾದಷ್ಟಿದೆ.”

“ಅದು ನೀನಲ್ಲ.”

ಅತ್ತೆ ಎದ್ದು ಕೂತು, “ಹಾಗಾದ್ರೆ ನನ್ನ ತಲೆ ನೆಟ್ಟಗಿದೆ ಅನ್ನು,” ಅಂದರು. ಆ ರಾತ್ರಿ ಊಟಕ್ಕೆ ಕೂತಾಗ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ನನ್ನನ್ನು ಬೈದರು. ಬಹಳ ದಿನಗಳ ಮೇಲೆ ಬಾಯಿ ಜೋರು ಮಾಡಿದ್ದರು. ನನಗೆ ಸಿಹಿ ತಿಂದಷ್ಟು ಹಿತವಾಯಿತು.

ಭಾವ ಸೋತು ಕೂರುವ ಜಾತಿಯವರಲ್ಲ. ನಿಜವಾದ ಮೊದಲನೆಯ ಅಚ್ಚನ್ನು ಅಮ್ಮನ ಕಿವಿ ಮಂದವಾಗುವ ಮುಂಚೆ ತಂದು ಕೇಳಿಸುತ್ತೇನೆಂದು ಹೊರಟರು. ಪರಿಚಯದವರ ಮನೆಗಳಲ್ಲಿ ಕಡುನೀಲಿ ಬಿಲ್ಲೆಯವು ಸಿಕ್ಕವು. ಭೂತಗನ್ನಡಿ ಹಿಡಿದರೆ ಎಲ್ಲವೂ ಎರಡನೆಯ ಸಂಖ್ಯೆ. ಆಗ ಅವರಿಗೆ ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯಾಕೆ ನೆನಪಾದಳು. ಅವಳು ಒಮ್ಮೆ ತಂದಿದ್ದ ರೆಕಾರ್ಡಿನ ಬಿಲ್ಲೆ ನೀರು ಬಿದ್ದು ಬೆಳ್ಳಗೆ ಸವೆದುಹೋಗಿತ್ತು. ಭಾವ ಅದನ್ನು ಹಾಕಿ ಕೇಳದೆ, “ಇದಕ್ಕೆ ವಯಸ್ಸಿಲ್ಲ,” ಎಂದು ಹಿಂದಕ್ಕೆ ಕಳಿಸಿದ್ದರು. ಹೊದಿಕೆ ಮಾತ್ರ ಇದೇ ಹಾಡುಗಳದ್ದು.

ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಒಬ್ಬರೇ ಹೋಗಲು ನಾಚಿಕೆ. ಆಕೆ ಇಸ್ತ್ರಿ ಪೆಟ್ಟಿಗೆಯ ಕೆಂಡ ಊದುತ್ತಾ ತಲೆ ಎತ್ತಲಿಲ್ಲ.

“ಅವತ್ತು ವಯಸ್ಸಿಲ್ಲ ಅಂದ್ರಿ. ಈಗ ಅದಕ್ಕೆ ಪ್ರಾಯ ಬಂತಾ ಬಿಲ್ಲೆಯಣ್ಣಾ?”

“ನನಗೆ ಬುದ್ಧಿ ಬಂತಮ್ಮ. ಒಂದು ಸಲ ತೋರಿಸು.”

“ನೋಡಿ, ಅಲ್ಲೇ ಮೇಜಿನ ಕೆಳಗಿದೆ. ಕಾಲು ಅಲ್ಲಾಡದ ಹಾಗೆ ಕೊಟ್ಟಿದ್ದೀನಿ.”

ಮೇಜಿನ ಕುಂಟು ಕಾಲಿನ ಕೆಳಗಿಂದ ಎಳೆದರು. ಹೊದಿಕೆ ಹರಿದಿತ್ತು, ರೆಕಾರ್ಡು ಉಳಿದಿತ್ತು. ಬೀದಿಯಲ್ಲೇ ನಿಂತು ಬೆಳಕಿಗೆ ಓರೆ ಹಿಡಿದು ಸಂಖ್ಯೆ ಓದಿದರು. ಆಮೇಲೆ ಮೆಲ್ಲಗೆ ನನ್ನ ಕೈಗೆ ಕೊಟ್ಟು, “ನೀನು ಹಿಡ್ಕೋ ತಂಗಿ. ನನ್ನ ಕೈ ಸರಿಯಿಲ್ಲ,” ಅಂದರು. ಅದು ಮೊದಲನೆಯ ಸಂಖ್ಯೆ.

ಮನೆಯಲ್ಲಿ ಒಂದು ಪೆಟ್ಟಿಗೆ ಇನ್ನೂ ಅಡುಗೆಮನೆಯಲ್ಲೇ ಇತ್ತು. ಭಾವ ಬೇಕೆಂತಲೇ ಅದನ್ನು ಕದಲಿಸಲು ಬಿಡಲಿಲ್ಲ. ಹಾಡು ಶುರುವಾಯಿತು. ಅಡುಗೆಮನೆಯಲ್ಲೂ ಇಬ್ಬರು, ನಡುಮನೆಯಲ್ಲೂ ಇಬ್ಬರು. ಸಾಲಿನ ನಡುವೆ ಉಸಿರಿನ ಸದ್ದಿಲ್ಲ. ತುಸು ಒರಟು, ತುಸು ಮೂಗಿನ ದನಿ. ಅತ್ತೆ ಮೊದಲ ಸಾಲಿಗೇ ಕಣ್ಣು ಬಿಟ್ಟರು.

“ಹೂಂ. ಇವಳು ನಾನು. ಅಗೋ, ಅಲ್ಲಿ ಸ್ವಲ್ಪ ಮೇಲಕ್ಕೆ ಹೋಗಿಬಿಟ್ಟೆ. ಅವತ್ತೂ ಅದಕ್ಕೆ ಬೈಸಿಕೊಂಡಿದ್ದೆ.” ಆಮೇಲೆ ಮಗನ ಕಡೆ ತಿರುಗಿ, “ಅವಳಷ್ಟು ಚೆನ್ನಾಗಿಲ್ಲ ಅಲ್ವೇನೋ?” ಅಂದರು.

“ಇಲ್ಲ,” ಎಂದರು ಭಾವ. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿಲ್ಲ. ತಾಯಿ ಮಗ ಇಬ್ಬರೂ ನಕ್ಕರು.

ಅಲ್ಲಿಂದ ಮುಂದೆ ಅಂಗಡಿಗೆ ಯಾರು ಬಂದರೂ ಭಾವ ಮೊದಲು ಹಾಕಿ ಕೇಳುವರು, ಆಮೇಲೆ ಗೀಚಿದ ಸಂಖ್ಯೆ, ಕೊನೆಗೆ ಬಿಲ್ಲೆ. ಬಿಲ್ಲೆಯಣ್ಣ ಎಂಬ ಹೆಸರು ಹೋಗಲಿಲ್ಲ, ಮಾತಿನ ಗತ್ತೂ ಹೋಗಲಿಲ್ಲ. ಅನುಮಾನಪಟ್ಟು ಬಂದವರನ್ನು, “ನಾನು ತಪ್ಪು ಮಾಡಿ ಕಲಿತವನು. ನಿಮಗೆ ಇನ್ನು ಎಲ್ಲಿ ಹೋದರೂ ಇಷ್ಟು ಸರಿಯಾಗಿ ಹೇಳೋರು ಸಿಗಲ್ಲ,” ಎಂದು ಗದರುತ್ತಿದ್ದರು. ಆಮೇಲೆ ನಿಜವಾಗಿಯೂ ಒಮ್ಮೆಯೂ ತಪ್ಪಲಿಲ್ಲ.

ಅತ್ತೆ ತುಂಬು ವಯಸ್ಸಿನಲ್ಲಿ ಹೋದರು. ಎಷ್ಟೋ ಕಾಲದ ಮೇಲೆ ನಮ್ಮ ಯಜಮಾನರೂ ಹೋದರು. ಕೊನೆಗೆ ಮನೆಯಲ್ಲಿ ಉಳಿದವರು ನಾನು ಮತ್ತು ಭಾವ. ಅವರಿಗೆ ಕಾಲು ಬಾರದಾದಾಗ ಹಾಸಿಗೆಯನ್ನು ಬೀದಿಯ ಕಿಟಕಿಯ ಹತ್ತಿರ ಹಾಕಿಕೊಟ್ಟೆ. ರೆಕಾರ್ಡುಗಳನ್ನೆಲ್ಲ ಗ್ರಂಥಾಲಯದವರು ಬಂದು ಹೊತ್ತುಕೊಂಡು ಹೋದರು. ಭಾವ ಉಳಿಸಿಕೊಂಡದ್ದು ಎರಡೇ, ಸವೆದ ಬಿಲ್ಲೆಯದು ಮತ್ತು ಕಡುನೀಲಿಯದು.

ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ. ಕಡುನೀಲಿಯದನ್ನು ತೆಗೆದುಕೊಡು ಅಂದರು. ಕೊಟ್ಟೆ. ಎದೆಯ ಮೇಲಿಟ್ಟುಕೊಂಡರು.

“ಇದನ್ನ ಯಾಕೆ ಇಟ್ಟುಕೊಂಡಿರಿ ಭಾವ? ಅತ್ತೆ ಹಾಡಿದ್ದು ಆ ಇನ್ನೊಂದಲ್ವಾ?”

“ಅಷ್ಟು ವರ್ಷ ಇವಳನ್ನ ಅಮ್ಮ ಅಂದೆ ತಂಗಿ. ಬಂದವರಿಗೆಲ್ಲ ತೋರಿಸಿದೆ. ಇವಳ ಹೆಸರೂ ಬಿಲ್ಲೆ ಮೇಲಿಲ್ಲ. ಯಾವುದೋ ಮನೇಲಿ ಇವಳೂ ‘ನಾನು ಹಾಡಿದ್ದೆ’ ಅಂತ ಹೇಳಿರ್ತಾಳೆ. ಮನೆಯವರು ನಂಬಿರಲ್ಲ.” ಉಸಿರು ಎಳೆದುಕೊಂಡರು. “ಅವಳ ಮಕ್ಕಳೋ ಮೊಮ್ಮಕ್ಕಳೋ ಎಲ್ಲಾದರೂ ಇದ್ದೇ ಇರ್ತಾರೆ. ಹುಡುಕಿ, ಇದನ್ನ ಅವರ ಕೈಗೆ ಕೊಟ್ಟು, ಎರಡು ಪೆಟ್ಟಿಗೆ ದೂರ ದೂರ ಇಟ್ಟು ಕೇಳೋಕೆ ಹೇಳ್ತೀಯಾ?”